ಗಾಳಿಮಾತು ಮತ್ತು ಮಗುವಿನ ಲಸಿಕೆ

ಅನುಭವ ಮಂಟಪದಲ್ಲಿ ಒಬ್ಬರಾಡಿದ ಮಾತನ್ನು ಮತ್ತೊಬ್ಬರು ಪ್ರಶ್ನಿಸಿ, ಒರೆಗೆ ಹಚ್ಚಿ, ಬಳಿಕವೇ ಒಪ್ಪುತ್ತಿದ್ದರೆಂಬುದು ನಮ್ಮ ಪರಂಪರೆಯ ಹೆಮ್ಮೆ. ಆ ಪರಂಪರೆಯ ವಾರಸುದಾರರಾದ ನಾವು, ಮಕ್ಕಳ ಆರೋಗ್ಯದ ವಿಷಯದಲ್ಲಿ ಕೇಳಿದ್ದನ್ನೆಲ್ಲ ವಿಚಾರಿಸದೆ ನಂಬುವುದು ಯುಕ್ತವೇ?

2017ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕಾ ಅಭಿಯಾನದ ಮೊದಲ ಹಂತವು ಕರ್ನಾಟಕವೂ ಸೇರಿದಂತೆ ಐದು ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳಲ್ಲಿ ಆರಂಭವಾಯಿತು. 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆಲ್ಲ, ಹಿಂದೆ ಲಸಿಕೆ ಪಡೆದಿದ್ದರೂ, ಒಂದು ಚುಚ್ಚುಮದ್ದು ನೀಡುವುದು ಉದ್ದೇಶವಾಗಿತ್ತು. ಅದರೊಡನೆಯೇ ಈ ಲಸಿಕೆ ಅಪಾಯಕಾರಿಯೆಂಬ ವದಂತಿ ವಾಟ್ಸ್‌ಆ್ಯಪ್ ಮೂಲಕ ಹಬ್ಬಿತು. ಅನೇಕ ಪಾಲಕರು ಹಿಂಜರಿದರು. ಯಲಹಂಕದ ಪುಟ್ಟೇನಹಳ್ಳಿಯಂತೆ ಹಳ್ಳಿಯೂ ನಗರವೂ ಬೆರೆತ ಊರುಗಳಲ್ಲಿ ಇಂತಹ ಮಾತು ನೆರೆಮನೆಯಿಂದಲೂ ಬರುತ್ತದೆ, ಕೈಯೊಳಗಿನ ಫೋನಿನಿಂದಲೂ ಬರುತ್ತದೆ.

ವದಂತಿಗೆ ಬೇರು ಸಿಗುವುದು ಹೇಗೆ? ಲಸಿಕೆಯ ನಂತರ ಕೆಲವು ಮಕ್ಕಳಿಗೆ ಸಣ್ಣ ಜ್ವರ, ಮೈಮೇಲೆ ದದ್ದು ಬರುವುದುಂಟು. ಕೆಲವೇ ದಿನಗಳಲ್ಲಿ ಶಮನವಾಗುತ್ತದೆ. ಲಕ್ಷಾಂತರ ಮಕ್ಕಳಿಗೆ ಲಸಿಕೆ ಹಾಕಿದಾಗ, ಅದೇ ವಾರ ಬೇರೆ ಕಾರಣದಿಂದ ಕಾಯಿಲೆ ಬೀಳುವವರೂ ಇದ್ದೇ ಇರುತ್ತಾರೆ. ಒಂದರ ಹಿಂದೆ ಮತ್ತೊಂದು ನಡೆದ ಮಾತ್ರಕ್ಕೆ ಮೊದಲಿನದೇ ಕಾರಣವಾಗದು.

ವಿದ್ಯಾವಂತರ ನಾಡುಗಳೂ ಇದಕ್ಕೆ ಹೊರತಲ್ಲ. 1998ರಲ್ಲಿ ಇಂಗ್ಲೆಂಡಿನ ವೈದ್ಯ ಆ್ಯಂಡ್ರೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಕೇವಲ 12 ಮಕ್ಕಳನ್ನು ಕುರಿತ ಲೇಖನವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿ, ದಡಾರದ ಸಂಯುಕ್ತ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂದು ಸೂಚಿಸಿದರು. ಮುಂದೆ ಲಕ್ಷಗಟ್ಟಲೆ ಮಕ್ಕಳನ್ನು ಪರಿಶೀಲಿಸಿದ ಅಧ್ಯಯನಗಳಲ್ಲಿ ಅಂತಹ ನಂಟು ಕಾಣಲಿಲ್ಲ. 2010ರಲ್ಲಿ ಪತ್ರಿಕೆಯು ಲೇಖನವನ್ನು ಹಿಂತೆಗೆದುಕೊಂಡಿತು. ವೇಕ್‌ಫೀಲ್ಡರು ವೈದ್ಯವೃತ್ತಿಯ ನೋಂದಣಿಯನ್ನೇ ಕಳೆದುಕೊಂಡರು. ಆದರೆ ಆ ಸುಳ್ಳು ಇಂದಿಗೂ ಊರೂರು ಸುತ್ತುತ್ತಿದೆ.

ದಡಾರವು ಅತಿ ವೇಗವಾಗಿ ಹರಡುವ ರೋಗ. ರಕ್ಷಣೆಯಿಲ್ಲದವರ ನಡುವೆ ಒಬ್ಬ ರೋಗಿಯಿಂದ 12ರಿಂದ 18 ಜನರಿಗೆ ತಗಲಬಲ್ಲದು. ನ್ಯುಮೋನಿಯಾ, ಮೆದುಳಿನ ಉರಿಯೂತಗಳಿಗೂ ದಾರಿಯಾಗಬಲ್ಲದು. ರುಬೆಲ್ಲಾ ಮಕ್ಕಳಲ್ಲಿ ಸೌಮ್ಯವಾಗಿಯೇ ಕಾಣುತ್ತದೆ. ಆದರೆ ಗರ್ಭದ ಮೊದಲ ತಿಂಗಳುಗಳಲ್ಲಿ ತಾಯಿಗೆ ತಗಲಿದರೆ, ಹುಟ್ಟುವ ಕೂಸಿನ ಕಣ್ಣು, ಕಿವಿ, ಹೃದಯಗಳು ಊನಗೊಳ್ಳಬಹುದು. ಆದ್ದರಿಂದ ನಮ್ಮ ಮಗುವಿನ ಲಸಿಕೆಯು ನೆರೆಮನೆಯ ಗರ್ಭಿಣಿಗೂ ಕಾವಲು. ಇದೂ ಒಂದು ಬಗೆಯ ದಾಸೋಹವೇ ಸರಿ.

ಈಗ ಈ ಲಸಿಕೆ ಸರ್ಕಾರಿ ಆಸ್ಪತ್ರೆಗಳಲ್ಲಿ 9ರಿಂದ 12 ತಿಂಗಳೊಳಗೆ ಮೊದಲ ಬಾರಿ, 16ರಿಂದ 24 ತಿಂಗಳೊಳಗೆ ಎರಡನೆಯ ಬಾರಿ ಉಚಿತವಾಗಿ ದೊರೆಯುತ್ತದೆ. ಸಂಶಯ ಬರುವುದು ತಪ್ಪಲ್ಲ. ಅದನ್ನು ಯಲಹಂಕದ ಸಾರ್ವಜನಿಕ ಆಸ್ಪತ್ರೆಯ ವೈದ್ಯರಲ್ಲಿಯೋ, ಮನೆಗೆ ಬರುವ ಆಶಾ ಕಾರ್ಯಕರ್ತೆಯಲ್ಲಿಯೋ ಕೇಳಿ ಪರಿಹರಿಸಿಕೊಳ್ಳಬೇಕು. ವಿಚಾರಿಸದ ಮಾತನ್ನು ಇನ್ನೊಬ್ಬರಿಗೆ ದಾಟಿಸದಿರುವುದು ಪ್ರತಿಯೊಬ್ಬ ಗೃಹಸ್ಥನ ಹೊಣೆ.