ದೋಣಿ ಹತ್ತೋ ಮುಂಚೆ: ಸೂಪರ್‌ಜೂಮೋ, ಮಿರರ್‌ಲೆಸ್ಸೋ?

ರಂಗನತಿಟ್ಟಿನ ದೋಣಿಯಲ್ಲಿ ಕೂತಿದ್ದೀರಿ. ಬಂಡೆ ಮೇಲೆ ಮೊಸಳೆ, ಮರದ ತುಂಬ ಬಣ್ಣದ ಕೊಕ್ಕರೆ. ಕೈಯಲ್ಲಿ ಯಾವ ಕ್ಯಾಮೆರಾ ಇರಬೇಕು?

ಜೇಬಿಗೆ ಹಿಡಿಸೋ ಸೂಪರ್‌ಜೂಮ್ ನೋಡಿ. ಕ್ಯಾನನ್ ಎಸ್‌ಎಕ್ಸ್740 ಸುಮಾರು 300 ಗ್ರಾಂ. ಜೂಮ್ 40 ಪಟ್ಟು, ಅಂದ್ರೆ 24ರಿಂದ 960 ಮಿ.ಮೀ.ಗೆ ಸಮ. ಮೊಸಳೆಯ ಹಲ್ಲು ಎಣಿಸಬಹುದು, ಬಿಸಿಲಿದ್ದರೆ!

ಮೋಡ ಕವಿದರೆ ಕಷ್ಟ. ಅದರ ಸೆನ್ಸರ್ ಅಗಲ ಬರೀ 6 ಮಿ.ಮೀ. ಆಸುಪಾಸು, ಕಿರುಬೆರಳ ಉಗುರಿಗಿಂತ ಚಿಕ್ಕದು. ಪೂರ್ತಿ ಜೂಮ್‌ನಲ್ಲಿ ಅಪರ್ಚರ್ ಎಫ್6.9. ಬೆಳಕು ಸಾಲದೆ ಐಎಸ್‌ಒ (ಬೆಳಕಿನ ಸಂವೇದನೆ) ಏರುತ್ತೆ, ಕೊಕ್ಕರೆಯ ಬಾಲದ ಹತ್ತಿರದ ಆ ಚೆಂದದ ಗುಲಾಬಿ ಗರಿಗಳು ಒಂದಕ್ಕೊಂದು ಕಲಸಿಹೋಗುತ್ತವೆ.

ಇನ್ನು ಲೆನ್ಸ್ ಬದಲಿಸಬಹುದಾದ ಎಪಿಎಸ್-ಸಿ (ಸೆನ್ಸರಿನ ಒಂದು ಅಳತೆ) ಮಿರರ್‌ಲೆಸ್‌ನ ಸೆನ್ಸರ್ ವಿಸ್ತೀರ್ಣದಲ್ಲಿ ಆ ಸೂಪರ್‌ಜೂಮ್‌ನದರ ಸುಮಾರು 12 ಪಟ್ಟು. ನೀರಿನ ಮೇಲೆ ರೆಕ್ಕೆ ಬಡಿಯುತ್ತಾ ನಿಂತ ಮಿಂಚುಳ್ಳಿಯ ಕಣ್ಣನ್ನೇ ಹುಡುಕಿ ಫೋಕಸ್ ಹಿಡಿಯೋ ಮಾಡೆಲ್‌ಗಳು ಈಗ ಬಂದಿವೆ. ಆದರೆ ಜೊತೆಗೆ ಕೊಡೋ ಕಿಟ್ ಲೆನ್ಸ್‌ನಲ್ಲಿ ಹಕ್ಕಿ ಸಾಸಿವೆ ಕಾಳು! ಕ್ಯಾನನ್ ಆರ್50ಗೆ 100-400 ಲೆನ್ಸ್ ಹಾಕಿದರೆ ಒಟ್ಟು ಒಂದು ಕಿಲೋ. ಆಗಲೂ ಸಿಗೋದು 640 ಮಿ.ಮೀ.ಗೆ ಸಮ.

ವರ್ಷಕ್ಕೆರಡು ಪ್ರವಾಸ, ಮನೆಮಂದಿಯ ಫೋಟೋ ಅಂದ್ರೆ ಸೂಪರ್‌ಜೂಮ್ ಧಾರಾಳವಾಗಿ ಸಾಕು. ಹಕ್ಕಿ ಹುಚ್ಚು ಹತ್ತಿದೆಯಾ? ಮಿರರ್‌ಲೆಸ್‌ಗೇ ಹೋಗಿ. ಬಾಡಿ ಹಳೇ ಮಾಡೆಲ್ ಆದ್ರೂ ಪರವಾಗಿಲ್ಲ, ದುಡ್ಡು ಲೆನ್ಸ್ ಮೇಲೆ ಹಾಕಿ.

ಅಂಗಡಿಯಲ್ಲಿ ಹೊರಗಿನ ಬಿಸಿಲಲ್ಲಿ ಪರೀಕ್ಷೆ ಮಾಡಬೇಡಿ. ಒಳಗಿನ ಮಬ್ಬು ಮೂಲೆಗೆ ಪೂರ್ತಿ ಜೂಮ್ ಹಾಕಿ ಕ್ಲಿಕ್ಕಿಸಿ, ಆ ಫೋಟೋನ ಪರದೆ ಮೇಲೆ ಹಿಗ್ಗಿಸಿ ನೋಡಿ.