ಕಾಣದ ದ್ರವ್ಯ: ಇದೆಯೋ, ಇಲ್ಲವೋ?

ಮಕ್ಕಳೇ, ಹಂದನಕೆರೆ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ತೆಂಗಿನಕಾಯಿಯ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟ ಕಾಯಿ ಕೊಬ್ಬರಿಯಾಗಿದೆಯೇ ಎಂದು ತಿಳಿಯಲು ಅಜ್ಜ ಏನು ಮಾಡುತ್ತಾರೆ? ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀರು ಇನ್ನೂ ಇದ್ದರೆ ಕುಲುಕಿದ ಸದ್ದು ಬರುತ್ತದೆ. ನೀರು ಬತ್ತಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡಿದ್ದರೆ ಉಂಡೆ ಕೊಬ್ಬರಿ ಒಳಗೆ ಲೊಡಲೊಡ ಎನ್ನುತ್ತದೆ. ಕಾಯಿಯನ್ನು ಒಡೆಯಲಿಲ್ಲ. ಒಳಗನ್ನು ಯಾರೂ ನೋಡಲಿಲ್ಲ. ಆದರೂ ಒಳಗೇನಿದೆ ಎಂದು ಗೊತ್ತಾಯಿತು!

ಖಗೋಳ ವಿಜ್ಞಾನಿಗಳದೂ ಇಂಥದೇ ಕೆಲಸ. ನಕ್ಷತ್ರಗಳನ್ನು ಕೈಯಲ್ಲಿ ಹಿಡಿದು ನೋಡಲಾಗದು. ಅವು ಹೇಗೆ ಚಲಿಸುತ್ತವೆ ಎಂದು ನೋಡಿ, ಅವುಗಳನ್ನು ಎಳೆಯುತ್ತಿರುವುದು ಏನು ಎಂದು ಲೆಕ್ಕ ಹಾಕಬೇಕು. ಹಾಗೆ ಲೆಕ್ಕ ಹಾಕಿದಾಗ ಅವರಿಗೆ ಒಂದು ದೊಡ್ಡ ಒಗಟು ಎದುರಾಯಿತು. ವಿಶ್ವದಲ್ಲಿ ನಮಗೆ ಕಾಣುವ ದ್ರವ್ಯಕ್ಕಿಂತ ಕಾಣದ ದ್ರವ್ಯವೇ ಹೆಚ್ಚು ಇದೆಯಂತೆ! ಅದಕ್ಕೆ 'ಕಪ್ಪು ದ್ರವ್ಯ' ಅಥವಾ 'ಡಾರ್ಕ್ ಮ್ಯಾಟರ್' ಎಂದು ಹೆಸರು. ಅದು ನಿಜವಾಗಿ ಇದೆಯೇ? ಬನ್ನಿ, ನೋಡೋಣ.

ಮೊದಲು ಇದನ್ನು ಮಾಡಿ

ಖಾಲಿಯಾದ ಬಾಲ್ ಪೆನ್ನಿನ ಹೊರಕೊಳವೆ, ಒಂದು ಮೀಟರ್ ಗಟ್ಟಿ ದಾರ, ಒಂದು ರಬ್ಬರ್, ಒಂದೇ ಅಳತೆಯ ಕೆಲವು ನಟ್ಟುಗಳನ್ನು ತೆಗೆದುಕೊಳ್ಳಿ. ದಾರವನ್ನು ಕೊಳವೆಯೊಳಗೆ ತೂರಿಸಿ. ಮೇಲಿನ ತುದಿಗೆ ರಬ್ಬರನ್ನು, ಕೆಳಗಿನ ತುದಿಗೆ ಎರಡು ನಟ್ಟುಗಳನ್ನು ಕಟ್ಟಿ. ಆಟದ ಬಯಲಿನಲ್ಲಿ ನಿಂತು, ಕೊಳವೆಯನ್ನು ಹಿಡಿದು ರಬ್ಬರನ್ನು ತಲೆಯ ಮೇಲೆ ಗಿರಗಿರನೆ ತಿರುಗಿಸಿ. ಕೆಳಗಿನ ನಟ್ಟುಗಳು ಏರದೆ, ಇಳಿಯದೆ ಒಂದೇ ಕಡೆ ನಿಲ್ಲುವಂತೆ ವೇಗವನ್ನು ಹೊಂದಿಸಿಕೊಳ್ಳಿ. ಈಗ ಇನ್ನೂ ಎರಡು ನಟ್ಟುಗಳನ್ನು ಸೇರಿಸಿ. ರಬ್ಬರಿನಿಂದ ಕೊಳವೆಯವರೆಗಿನ ದಾರ ಮೊದಲಿನಷ್ಟೇ ಉದ್ದ ಇರಲಿ. ಏನಾಯಿತು? ಮೊದಲಿಗಿಂತ ವೇಗವಾಗಿ ತಿರುಗಿಸಬೇಕಾಯಿತು, ಅಲ್ಲವೇ?

ಇದರಿಂದ ನಾವು ಕಲಿಯುವ ಪಾಠ ಇಷ್ಟು. ಅದೇ ಸುತ್ತಿನಲ್ಲಿ ವೇಗವಾಗಿ ತಿರುಗುವ ವಸ್ತುವನ್ನು ಹಿಡಿದಿಡಲು ಹೆಚ್ಚು ಎಳೆತ ಬೇಕು. ಎಳೆತ ಸಾಲದಿದ್ದರೆ ವಸ್ತು ದೂರ ಸರಿಯುತ್ತದೆ. ಆದ್ದರಿಂದ ವೇಗ ಮತ್ತು ದೂರ ಗೊತ್ತಾದರೆ ಎಳೆತ ಎಷ್ಟು ಎಂದು ಹೇಳಬಹುದು. ನಟ್ಟುಗಳು ಕಾಣದಂತೆ ಯಾರಾದರೂ ಅವನ್ನು ಬಟ್ಟೆಯಲ್ಲಿ ಸುತ್ತಿದ್ದರೂ ಸರಿಯೇ!

ಗ್ರಹಗಳು ಹೇಳಿದ್ದು ಒಂದು, ನಕ್ಷತ್ರಗಳು ಹೇಳಿದ್ದು ಇನ್ನೊಂದು

ಗ್ರಹಗಳನ್ನು ಸೂರ್ಯನ ಗುರುತ್ವ ಹಿಡಿದಿಟ್ಟಿದೆ. ದೂರ ಹೋದಂತೆ ಈ ಎಳೆತ ಕಡಿಮೆಯಾಗುತ್ತದೆ. ಹತ್ತಿರದ ಬುಧ ಸೆಕೆಂಡಿಗೆ ಸುಮಾರು 47 ಕಿ.ಮೀ. ವೇಗದಲ್ಲಿ ಓಡುತ್ತದೆ. ನಮ್ಮ ಭೂಮಿಯ ವೇಗ ಸೆಕೆಂಡಿಗೆ ಸುಮಾರು 30 ಕಿ.ಮೀ. ದೂರದ ನೆಪ್ಚೂನ್‌ನ ವೇಗ ಸುಮಾರು 5.4 ಕಿ.ಮೀ. ಮಾತ್ರ. ದೂರ ಹೆಚ್ಚಿದಷ್ಟೂ ವೇಗ ಕಡಿಮೆ.

ಕೋಟ್ಯಂತರ ನಕ್ಷತ್ರಗಳ ಕೂಟಕ್ಕೆ ಗೆಲಕ್ಸಿ ಎನ್ನುತ್ತಾರೆ. ನಮ್ಮ ಗೆಲಕ್ಸಿಯೇ ಆಕಾಶಗಂಗೆ. ಇದರ ನೆರೆಯದು ಆಂಡ್ರೊಮೀಡ ಗೆಲಕ್ಸಿ. ಇದು ದೇವಯಾನಿ ನಕ್ಷತ್ರಪುಂಜದಲ್ಲಿ, ನಮ್ಮಿಂದ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ನವೆಂಬರ್ ಕೊನೆಯ ವಾರ, ಚಂದ್ರನಿಲ್ಲದ ರಾತ್ರಿ ಎಂಟು ಗಂಟೆಗೆ ಬೀದಿ ದೀಪವಿಲ್ಲದ ಕಡೆ ನಿಂತು ನೋಡಿ. ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ಅದು ಮಸುಕಾದ ಬೆಳಕಿನ ಮಚ್ಚೆಯಂತೆ ಬರಿಗಣ್ಣಿಗೇ ಕಾಣುತ್ತದೆ.

ಗೆಲಕ್ಸಿಯಲ್ಲೂ ನಕ್ಷತ್ರಗಳು ಕೇಂದ್ರವನ್ನು ಸುತ್ತುತ್ತವೆ. ಬೆಳಕು ಹೆಚ್ಚಾಗಿರುವುದು ನಡುವಿನಲ್ಲಿ. ಹಾಗಾದರೆ ದ್ರವ್ಯವೂ ನಡುವೆಯೇ ಹೆಚ್ಚಿರಬೇಕು, ಅಂಚಿನ ನಕ್ಷತ್ರಗಳು ನೆಪ್ಚೂನ್‌ನಂತೆ ನಿಧಾನವಾಗಿ ಸುತ್ತಬೇಕು. ಇದು ಎಲ್ಲರ ಎಣಿಕೆಯಾಗಿತ್ತು.

ಅಮೆರಿಕದ ವೆರಾ ರೂಬಿನ್ ಎಂಬ ಮಹಿಳಾ ವಿಜ್ಞಾನಿ ತಮ್ಮ ಸಹೋದ್ಯೋಗಿ ಕೆಂಟ್ ಫೋರ್ಡ್ ಜೊತೆ ಸೇರಿ ಆಂಡ್ರೊಮೀಡದಲ್ಲಿ ಈ ವೇಗವನ್ನು ಅಳೆದು 1970ರಲ್ಲಿ ಪ್ರಕಟಿಸಿದರು. ಅಷ್ಟು ದೂರದ ವೇಗವನ್ನು ಅಳೆಯುವುದು ಹೇಗೆ? ಹಾರ್ನ್ ಹೊಡೆಯುತ್ತಾ ಬರುವ ಬಸ್ಸಿನ ಸದ್ದು ಹತ್ತಿರ ಬರುವಾಗ ಕೀರಲಾಗಿಯೂ ದೂರ ಹೋಗುವಾಗ ದಪ್ಪವಾಗಿಯೂ ಕೇಳುತ್ತದೆ. ಬೆಳಕಿನ ಬಣ್ಣದಲ್ಲೂ ಹೀಗೆಯೇ ಸೂಕ್ಷ್ಮ ಬದಲಾವಣೆ ಆಗುತ್ತದೆ. ಅದನ್ನು ಅಳೆದರೆ ವೇಗ ಸಿಗುತ್ತದೆ. ಆಂಡ್ರೊಮೀಡದ ಅಂಚಿನಲ್ಲಿ ವೇಗ ಕಡಿಮೆಯಾಗಿರಲೇ ಇಲ್ಲ! ಮುಂದೆ ಬೇರೆ ಗೆಲಕ್ಸಿಗಳನ್ನು ಅಳೆದಾಗಲೂ ಇದೇ ಕಥೆ. ಕಾಣುವ ನಕ್ಷತ್ರ ಮತ್ತು ಅನಿಲಗಳ ಎಳೆತ ಆ ವೇಗಕ್ಕೆ ಏನೇನೂ ಸಾಲದು.

ಇದಕ್ಕೂ ಮೊದಲೇ, 1933ರಲ್ಲಿ, ಫ್ರಿಟ್ಸ್ ಜ್ವಿಕಿ ಎಂಬ ವಿಜ್ಞಾನಿ ಕೃಷ್ಣವೇಣಿ ಪುಂಜದ ದಿಕ್ಕಿನಲ್ಲಿರುವ ಗೆಲಕ್ಸಿಗಳ ಗುಂಪೊಂದನ್ನು ನೋಡಿ ಇದೇ ಮಾತು ಹೇಳಿದ್ದರು. ಅಲ್ಲಿನ ಗೆಲಕ್ಸಿಗಳು ಓಡುವ ವೇಗಕ್ಕೆ ಗುಂಪು ಎಂದೋ ಚೆದುರಿ ಹೋಗಬೇಕಿತ್ತು. ಕಾಣದ ಏನೋ ಒಂದು ಅದನ್ನು ಹಿಡಿದಿಟ್ಟಿದೆ ಎಂದರು. ಆಗ ಹೆಚ್ಚಿನವರು ಅದಕ್ಕೆ ಕಿವಿಗೊಡಲಿಲ್ಲ.

ಈಗಿನ ಲೆಕ್ಕದ ಪ್ರಕಾರ ಕಾಣುವ ದ್ರವ್ಯ ಒಂದು ಪಾಲು ಇದ್ದರೆ ಕಪ್ಪು ದ್ರವ್ಯ ಐದು ಪಾಲಿಗಿಂತ ಸ್ವಲ್ಪ ಹೆಚ್ಚು. ಅದು ಬೆಳಕನ್ನು ಕೊಡುವುದಿಲ್ಲ, ಹೀರುವುದಿಲ್ಲ, ತಡೆಯುವುದೂ ಇಲ್ಲ. ನಿಜ ಹೇಳಬೇಕೆಂದರೆ ಅದು ಕಪ್ಪೂ ಅಲ್ಲ, ಗಾಜಿಗಿಂತ ಪಾರದರ್ಶಕ! ಈ ಲೆಕ್ಕ ಸರಿಯಾಗಿದ್ದರೆ ನೀವು ಈ ಪುಟ ಓದುತ್ತಿರುವಾಗಲೂ ಅದು ನಿಮ್ಮ ಮೂಲಕ ಹಾದು ಹೋಗುತ್ತಿರಬೇಕು.

ಕೋಲಾರದ ಆಳದಲ್ಲಿ

ಮುಟ್ಟಿದರೂ ಗೊತ್ತಾಗದ ಇಂಥ ಕಣಗಳು ಇರಲು ಸಾಧ್ಯವೇ? ಸಾಧ್ಯ. ಅಂಥದೊಂದು ಕಣವನ್ನು ನಮ್ಮ ಕರ್ನಾಟಕದ ನೆಲದಡಿಯಲ್ಲೇ ಹಿಡಿದಿದ್ದಾರೆ! ಅದರ ಹೆಸರು ನ್ಯೂಟ್ರಿನೊ. ಅದು ಇರಬೇಕೆಂದು 1930ರಲ್ಲಿ ವುಲ್ಫ್‌ಗಾಂಗ್ ಪೌಲಿ ಊಹಿಸಿದರು. ಪ್ರಯೋಗದಲ್ಲಿ ಸಿಕ್ಕಿದ್ದು 1956ರಲ್ಲಿ, ಅಮೆರಿಕದಲ್ಲಿ. ಊಹೆಗೂ ಸಾಕ್ಷಿಗೂ ನಡುವೆ 26 ವರ್ಷ!

ಬಾಹ್ಯಾಕಾಶದಿಂದ ವಿಶ್ವಕಿರಣಗಳು ನಮ್ಮ ಮೇಲೆ ಸದಾ ಸುರಿಯುತ್ತಿರುತ್ತವೆ. ತಗಡಿನ ಸೂರಿನ ಮೇಲೆ ಜೋರು ಮಳೆ ಬೀಳುವಾಗ ಪಕ್ಕದವರ ಪಿಸುಮಾತು ಕೇಳುವುದೇ? ಅದಕ್ಕೇ ವಿಜ್ಞಾನಿಗಳು ಆಳದ ಗಣಿಗೆ ಇಳಿಯುತ್ತಾರೆ. ಮೇಲಿನ ಬಂಡೆ ವಿಶ್ವಕಿರಣಗಳನ್ನು ತಡೆಯುತ್ತದೆ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಕೋಲಾರದ ಚಿನ್ನದ ಗಣಿಯಲ್ಲಿ ಉಪಕರಣಗಳನ್ನಿಟ್ಟು ವಿಶ್ವಕಿರಣಗಳನ್ನು ಅಳೆದರು. 1965ರಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ, ಭಾರತ, ಜಪಾನ್ ಮತ್ತು ಬ್ರಿಟನ್‌ನ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಕಂಡುಹಿಡಿದರು. ಆ ಗಣಿ 2001ರಲ್ಲಿ ಮುಚ್ಚಿತು.

ಹಾಗಾದರೆ ನ್ಯೂಟ್ರಿನೊಗಳೇ ಕಪ್ಪು ದ್ರವ್ಯವೇ? ಮುಂದೆ ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ನಿರ್ದೇಶಕರಾದ ರಾಮನಾಥ ಕೌಶಿಕ್ ಅವರು ಮ್ಯಾಕ್‌ಕ್ಲೆಲಂಡ್ ಜೊತೆ ಸೇರಿ 1970ರ ದಶಕದ ಆರಂಭದಲ್ಲಿ ಈ ಸಾಧ್ಯತೆಯನ್ನು ಮುಂದಿಟ್ಟರು. ನ್ಯೂಟ್ರಿನೊಗಳಿಗೆ ಸ್ವಲ್ಪ ರಾಶಿ ಇದ್ದರೆ ಅವು ಗೆಲಕ್ಸಿಗಳ ಗುಂಪನ್ನು ಹಿಡಿದಿಡಬಲ್ಲವು ಎಂದು ಲೆಕ್ಕ ಹಾಕಿದರು. ನ್ಯೂಟ್ರಿನೊಗಳಿಗೆ ರಾಶಿ ಇದೆ ಎಂಬುದು 1998ರಲ್ಲಿ ಜಪಾನಿನ ಪ್ರಯೋಗದಿಂದ ತಿಳಿಯಿತು. ಆದರೆ ಅದು ತೀರಾ ಕಡಿಮೆ. ಕಪ್ಪು ದ್ರವ್ಯದ ಲೆಕ್ಕ ಅದರಿಂದ ತುಂಬದು. ಆದರೂ ಯಾವುದೋ ಒಂದು ಕಣ ಕಪ್ಪು ದ್ರವ್ಯವಾಗಿರಬಹುದು ಎಂಬ ದಾರಿಯನ್ನು ಆ ಲೆಕ್ಕ ತೋರಿಸಿತು.

ಆ ಕಣಕ್ಕಾಗಿ ಹುಡುಕಾಟ ಇಂದಿಗೂ ನಡೆದಿದೆ. ಜಾರ್ಖಂಡದ ಜಾದುಗುಡ ಯುರೇನಿಯಂ ಗಣಿಯಲ್ಲಿ, ಸುಮಾರು 550 ಮೀಟರ್ ಆಳದಲ್ಲಿ, 2017ರಲ್ಲಿ ಪ್ರಯೋಗಾಲಯ ಆರಂಭವಾಯಿತು. ಅಮೆರಿಕದಲ್ಲಿ ಮುಚ್ಚಿಹೋದ ಒಂದು ಚಿನ್ನದ ಗಣಿಯಲ್ಲಿ, ಸುಮಾರು ಒಂದೂವರೆ ಕಿ.ಮೀ. ಆಳದಲ್ಲಿ, 10 ಟನ್ ದ್ರವರೂಪದ ಜೆನಾನ್ ತುಂಬಿಸಿಟ್ಟು ಕಾಯುತ್ತಿದ್ದಾರೆ. ಕಪ್ಪು ದ್ರವ್ಯದ ಕಣ ಜೆನಾನ್ ಪರಮಾಣುವಿಗೆ ಡಿಕ್ಕಿ ಹೊಡೆದರೆ ಸಣ್ಣ ಬೆಳಕು ಮಿನುಗಬೇಕು. 2024ರಲ್ಲಿ ತಿಳಿಸಿದ ಫಲಿತಾಂಶದಲ್ಲೂ ಆ ಕಣ ಸಿಕ್ಕಿರಲಿಲ್ಲ.

ಲೆಕ್ಕವೇ ತಪ್ಪಿದ್ದರೆ?

ಇಷ್ಟು ಹುಡುಕಿದರೂ ಸಿಗದಿದ್ದರೆ ಅದು ಇಲ್ಲವೇ ಇಲ್ಲ ಎನ್ನಬಹುದೇ? ಇಲ್ಲಿ ಎರಡು ಹಳೆಯ ಕಥೆಗಳನ್ನು ಕೇಳಿ.

ಯುರೇನಸ್ ಗ್ರಹ ಲೆಕ್ಕದಂತೆ ಚಲಿಸುತ್ತಿರಲಿಲ್ಲ. ಕಾಣದ ಇನ್ನೊಂದು ಗ್ರಹ ಅದನ್ನು ಎಳೆಯುತ್ತಿರಬೇಕು ಎಂದು ಫ್ರಾನ್ಸಿನ ಲವೆರಿಯೇ ಲೆಕ್ಕ ಹಾಕಿ, ಅದು ಇರುವ ಜಾಗವನ್ನೂ ಹೇಳಿದರು. 1846ರಲ್ಲಿ ಬರ್ಲಿನ್ನಿನಲ್ಲಿ ದೂರದರ್ಶಕವನ್ನು ಅಲ್ಲಿಗೆ ತಿರುಗಿಸಿದಾಗ ನೆಪ್ಚೂನ್ ಸಿಕ್ಕಿತು! ಬುಧ ಗ್ರಹದ ಚಲನೆಯಲ್ಲೂ ಒಂದು ಸಣ್ಣ ವ್ಯತ್ಯಾಸವಿತ್ತು. ಅದೇ ಲವೆರಿಯೇ, ಸೂರ್ಯನ ಹತ್ತಿರ ಕಾಣದ ಗ್ರಹವಿದೆ ಎಂದರು. ಅದಕ್ಕೆ 'ವಲ್ಕನ್' ಎಂದು ಹೆಸರನ್ನೂ ಇಟ್ಟಾಯಿತು. ಎಷ್ಟು ವರ್ಷ ಹುಡುಕಿದರೂ ಅದು ಸಿಗಲಿಲ್ಲ. ಕೊನೆಗೆ 1915ರಲ್ಲಿ ಐನ್‌ಸ್ಟೈನ್ ಗುರುತ್ವದ ಹೊಸ ಸಿದ್ಧಾಂತ ಕೊಟ್ಟಾಗ ಬುಧನ ಲೆಕ್ಕ ತಾನಾಗಿ ಸರಿಹೋಯಿತು. ವಲ್ಕನ್ ಇರಲೇ ಇಲ್ಲ!

ಕಪ್ಪು ದ್ರವ್ಯ ನೆಪ್ಚೂನಿನಂತೆಯೋ, ವಲ್ಕನ್ನಿನಂತೆಯೋ? ಇದೇ ಇಂದಿನ ಪ್ರಶ್ನೆ. ಇಸ್ರೇಲಿನ ಮೊರ್ಡೆಹೈ ಮಿಲ್‌ಗ್ರಾಮ್ 1983ರಲ್ಲಿ, ಎಳೆತ ಬಹಳ ದುರ್ಬಲವಾಗಿರುವ ಕಡೆ ನಿಯಮವೇ ಬೇರೆ ಇರಬಹುದು ಎಂದರು. ಅವರ ಸೂತ್ರ ಅನೇಕ ಗೆಲಕ್ಸಿಗಳ ವೇಗವನ್ನು ಕಪ್ಪು ದ್ರವ್ಯವಿಲ್ಲದೆಯೇ ಸರಿಯಾಗಿ ಹೇಳುತ್ತದೆ.

ಆದರೆ 2006ರಲ್ಲಿ ಒಂದು ಬಲವಾದ ಸಾಕ್ಷ್ಯ ಬಂತು. ಬಹು ದೂರದಲ್ಲಿ ಗೆಲಕ್ಸಿಗಳ ಎರಡು ಗುಂಪುಗಳು ಡಿಕ್ಕಿ ಹೊಡೆದಿದ್ದವು. ಅವುಗಳ ಬಿಸಿ ಅನಿಲ ಒಂದಕ್ಕೊಂದು ತಾಗಿ ನಡುವೆ ಹಿಂದುಳಿದಿತ್ತು. ಕಾಣುವ ದ್ರವ್ಯದ ಬಹುಪಾಲು ಈ ಅನಿಲವೇ. ಗುರುತ್ವ ಬೆಳಕನ್ನು ಬಾಗಿಸುತ್ತದೆ. ಹಿಂದಿನ ಗೆಲಕ್ಸಿಗಳ ಬೆಳಕು ಎಲ್ಲಿ ಹೆಚ್ಚು ಬಾಗಿದೆ ಎಂದು ನೋಡಿದಾಗ, ಎಳೆತ ಅನಿಲವಿರುವ ಕಡೆ ಹೆಚ್ಚಿರಲಿಲ್ಲ. ಅನಿಲವನ್ನು ದಾಟಿ ಮುಂದೆ ಹೋದ ಭಾಗದಲ್ಲಿ ಹೆಚ್ಚಿತ್ತು! ಕಾಣದ ಏನೋ ಒಂದು ಯಾವುದಕ್ಕೂ ತಾಗದೆ ಹಾದುಹೋದಂತಿತ್ತು. ನಿಯಮವನ್ನು ಮಾತ್ರ ಬದಲಿಸಿ ಇದನ್ನು ವಿವರಿಸುವುದು ಕಷ್ಟ. ಆದ್ದರಿಂದ ಇಂದು ಹೆಚ್ಚಿನ ವಿಜ್ಞಾನಿಗಳು ಕಪ್ಪು ದ್ರವ್ಯ ಇದೆ ಎಂದೇ ನಂಬುತ್ತಾರೆ. ಆದರೂ ಕಣ ಕೈಗೆ ಸಿಗುವವರೆಗೆ ಹುಡುಕಾಟ ನಿಲ್ಲುವಂತಿಲ್ಲ.

ಅಟ್ಟದ ಕಾಯಿಯ ಸದ್ದು ಕೇಳಿ ಅಜ್ಜ ಹೇಳಿದ್ದು ಸರಿಯೇ ಎಂದು ನೋಡಲು ಅದನ್ನು ಸುಲಿದು ಒಡೆದರಾಯಿತು. ವಿಶ್ವವೆಂಬ ಕಾಯಿ ಲೊಡಲೊಡ ಎನ್ನುತ್ತಿರುವುದು ಕೇಳಿಸಿದೆ. ಅದನ್ನು ಒಡೆದು ನೋಡಿದವರು ಮಾತ್ರ ಇನ್ನೂ ಯಾರೂ ಇಲ್ಲ. ಆ ಕೆಲಸ ಯಾರದು? ಈಗ ಆರನೆಯ, ಏಳನೆಯ ತರಗತಿಯಲ್ಲಿ ಕುಳಿತಿರುವ ನಿಮ್ಮಲ್ಲಿ ಒಬ್ಬರದೂ ಆಗಬಹುದು.

ಯೋಚಿಸಿ, ಉತ್ತರಿಸಿ

1. ನೆಪ್ಚೂನ್ ಮತ್ತು ವಲ್ಕನ್ ಕಥೆಗಳಲ್ಲಿ ಒಂದೇ ರೀತಿ ಇರುವುದು ಏನು? ಬೇರೆ ಇರುವುದು ಏನು?
2. ಒಡೆಯದೆ, ಬಿಚ್ಚದೆ ಒಳಗಿರುವುದನ್ನು ತಿಳಿಯುವ ಇನ್ನೂ ಮೂರು ಸಂದರ್ಭಗಳನ್ನು ನಿಮ್ಮ ಮನೆ, ತೋಟಗಳಲ್ಲಿ ಹುಡುಕಿ ಬರೆಯಿರಿ.