ಎಂ.ಟೆಕ್.: ಪೂರ್ಣಾವಧಿಯೋ ಅರೆಕಾಲಿಕವೋ?

ಬಿ.ಇ. ಮುಗಿಸಿ ಚಿತ್ರದುರ್ಗದ ಒಂದು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಿದ್ದೀರಿ, ಇಲ್ಲವೇ ಹಿರಿಯೂರಿನಲ್ಲಿ ಕಾಲುವೆ ಕೆಲಸದ ಉಸ್ತುವಾರಿ ನೋಡುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಎಂ.ಟೆಕ್. ಮಾಡುವ ಆಸೆಯಿದೆ, ಆದರೆ ಸಂಬಳ ಬಿಡುವ ಸ್ಥಿತಿಯಿಲ್ಲ. ಆಗ ನಿಮ್ಮ ಮುಂದಿರುವ ದಾರಿಗಳು ಯಾವುವು?

ಪೂರ್ಣಾವಧಿ ಎಂ.ಟೆಕ್. ಎಂದರೆ ಎರಡು ವರ್ಷ, ನಾಲ್ಕು ಸೆಮಿಸ್ಟರ್. ಕೊನೆಯ ವರ್ಷದ ಬಹುಪಾಲು ಪ್ರೌಢಪ್ರಬಂಧಕ್ಕೆ ಮೀಸಲು. ನಮ್ಮ ರಾಜ್ಯದಲ್ಲಿ ಗೇಟ್ ಅಥವಾ ಪಿ.ಜಿ.ಸಿ.ಇ.ಟಿ. ಮೂಲಕ ಪ್ರವೇಶ. ಗೇಟ್ ಅಂಕಕ್ಕೆ ಮೂರು ವರ್ಷಗಳ ಮಾನ್ಯತೆಯಿದೆ. ಗೇಟ್‌ನಲ್ಲಿ ಅರ್ಹತೆ ಪಡೆದು ಅನುಮೋದಿತ ಕಾಲೇಜಿಗೆ ಪೂರ್ಣಾವಧಿ ವಿದ್ಯಾರ್ಥಿಯಾಗಿ ಸೇರಿದವರಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯಿಂದ ಗರಿಷ್ಠ 24 ತಿಂಗಳು, ಮಾಸಿಕ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಅರೆಕಾಲಿಕ ವಿದ್ಯಾರ್ಥಿಗೆ ಇದು ಸಿಗದು. ಇಷ್ಟನ್ನು ನೋಡಿದರೆ, ಇನ್ನೂ ಕೆಲಸಕ್ಕೆ ಸೇರದ ವಿದ್ಯಾರ್ಥಿಗಳು ಗೇಟ್ ಬರೆದು ಪೂರ್ಣಾವಧಿಗೇ ಹೋಗುವುದು ಲೇಸೆಂದು ನನ್ನ ಅನಿಸಿಕೆ.

ಉದ್ಯೋಗದಲ್ಲಿರುವವರ ಲೆಕ್ಕವೇ ಬೇರೆ. ಅರೆಕಾಲಿಕ ವ್ಯಾಸಂಗದಲ್ಲಿ ಅದೇ ಪಠ್ಯವನ್ನು ಸಾಮಾನ್ಯವಾಗಿ ಮೂರು ವರ್ಷಗಳಿಗೆ ಹಂಚಲಾಗುತ್ತದೆ. ಮಂಡಳಿಯ ಮಾದರಿ ಪಠ್ಯಕ್ರಮದಲ್ಲಿ ಎಂ.ಟೆಕ್.ಗೆ 68 ಕ್ರೆಡಿಟ್‌ಗಳಿವೆ. ಇದನ್ನು ನಾಲ್ಕು ಸೆಮಿಸ್ಟರ್‌ಗೆ ಹಂಚಿದರೆ ಸೆಮಿಸ್ಟರ್‌ಗೆ 17, ಆರಕ್ಕೆ ಹಂಚಿದರೆ ಸುಮಾರು 11. ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಒಂದು ಗಂಟೆ ಪಾಠ, ಅಥವಾ ಎರಡು ಗಂಟೆ ಪ್ರಯೋಗ. ಬರಿಯ ಪಾಠವೆಂದೇ ಹಿಡಿದರೂ ವಾರಕ್ಕೆ 11 ಗಂಟೆ, ಅಂದರೆ ಆರು ದಿನವೂ ಸಂಜೆ ಹೆಚ್ಚುಕಡಿಮೆ ಎರಡು ಗಂಟೆ.

ಇನ್ನು ದೂರದ ಮಾತು. ಚಿತ್ರದುರ್ಗದಿಂದ ಹೊಳಲ್ಕೆರೆ ಸುಮಾರು 35 ಕಿ.ಮೀ., ಹಿರಿಯೂರು 40, ಹೊಸದುರ್ಗ 60. ಹೊಸದುರ್ಗದಿಂದ ಬಸ್ಸಿನಲ್ಲಿ ಬರಲು ಒಂದೂವರೆ ಗಂಟೆ ಬೇಕೆಂದರೆ, ಹೋಗಿಬರಲು ದಿನಕ್ಕೆ ಮೂರು ಗಂಟೆ, ವಾರಕ್ಕೆ 18. ತರಗತಿಗಿಂತ ಬಸ್ಸಿನಲ್ಲೇ ಹೆಚ್ಚು ಹೊತ್ತು ಕಳೆದಂತಾಯಿತು! ಹಿರಿಯೂರಿನವರಿಗೆ ರಾಷ್ಟ್ರೀಯ ಹೆದ್ದಾರಿಯ ಅನುಕೂಲವಿದೆ. ಹೊಳಲ್ಕೆರೆಯವರು ಚಿಕ್ಕಜಾಜೂರು ಮಾರ್ಗದ ರೈಲಿನಲ್ಲಿ ದಾವಣಗೆರೆಯತ್ತಲೂ ನೋಡಬಹುದು. (ಹೊಸದುರ್ಗ ರೋಡ್ ನಿಲ್ದಾಣವೂ ಅದೇ ಮಾರ್ಗದಲ್ಲಿದೆ. ಆದರೆ ಹೆಸರಿನಲ್ಲಿ ಊರಿದೆಯೇ ಹೊರತು ನಿಲ್ದಾಣ ಪಟ್ಟಣದಿಂದ ದೂರ.) ಚಿತ್ರದುರ್ಗದಲ್ಲಿ 1980ರಲ್ಲಿ ಆರಂಭವಾದ ಎಸ್.ಜೆ.ಎಂ. ತಾಂತ್ರಿಕ ಮಹಾವಿದ್ಯಾಲಯವಿದೆ. ದಾವಣಗೆರೆಯಲ್ಲಿ 1951ರ ಬಿ.ಡಿ.ಟಿ. ಕಾಲೇಜು ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಘಟಕ ಕಾಲೇಜು. ಬಾಪೂಜಿ ಕಾಲೇಜೂ ಅಲ್ಲಿಯೇ ಇದೆ. ಯಾವ ವಿಭಾಗದಲ್ಲಿ ಎಷ್ಟು ಎಂ.ಟೆಕ್. ಸೀಟುಗಳಿವೆ ಎಂಬುದು ವರ್ಷಕ್ಕೊಮ್ಮೆ ಬದಲಾಗುವುದರಿಂದ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಸೀಟುಪಟ್ಟಿಯನ್ನೇ ನೋಡಿ.

2023-24ರಿಂದ ಮಂಡಳಿಯು ಉದ್ಯೋಗಸ್ಥರಿಗಾಗಿಯೇ ಅನುಕೂಲದ ವೇಳೆಯ ತರಗತಿಗಳಿಗೆ ಅನುಮತಿ ನೀಡತೊಡಗಿದೆ. ಕನಿಷ್ಠ ಒಂದು ವರ್ಷದ ಸೇವೆ ಆಗಿರಬೇಕು, ಕೆಲಸದ ಸ್ಥಳ ಕಾಲೇಜಿನಿಂದ ನಿಗದಿತ ದೂರದೊಳಗಿರಬೇಕು ಎಂಬ ಷರತ್ತುಗಳಿವೆ. ಹೊಸದುರ್ಗದಂಥ ಊರಿನವರು ಅರ್ಜಿಗೆ ಮುನ್ನ ಈ ದೂರದ ಷರತ್ತನ್ನು ಕೇಳಿ ತಿಳಿಯುವುದು ಅಗತ್ಯ.

ಪ್ರಯಾಣದ ತೊಂದರೆಯೇ ಬೇಡವೆಂದು ಅಂಚೆಯಲ್ಲಿ ಪದವಿ ಕೊಡುತ್ತೇವೆನ್ನುವವರ ಬಳಿಗೆ ಹೋಗುವವರೂ ಇದ್ದಾರೆ. ಇಲ್ಲಿ ಎಚ್ಚರ ಬೇಕು. ಅರೆಕಾಲಿಕ ಶಿಕ್ಷಣ ಬೇರೆ, ದೂರಶಿಕ್ಷಣ ಬೇರೆ. ಅರೆಕಾಲಿಕದಲ್ಲಿ ತರಗತಿ, ಪ್ರಯೋಗಾಲಯ, ಹಾಜರಾತಿ ಎಲ್ಲವೂ ಇರುತ್ತವೆ. ಅನುಮೋದನೆಯಿಲ್ಲದೆ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ದೂರಶಿಕ್ಷಣದಲ್ಲಿ ನೀಡಿದ ಎಂಜಿನಿಯರಿಂಗ್ ಪದವಿಗಳ ಬಗ್ಗೆ ಸುಪ್ರೀಂ ಕೋರ್ಟು 2017ರ ನವೆಂಬರ್ 3ರಂದು ತೀರ್ಪಿತ್ತಿತು. 2001ರಿಂದ 2005ರವರೆಗಿನ ಶೈಕ್ಷಣಿಕ ವರ್ಷಗಳಲ್ಲಿ ಸೇರಿದವರ ಪದವಿಗಳು ಅಮಾನತುಗೊಂಡವು. ಅವರು ಮಂಡಳಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾಯಿತು. ಅನಂತರ ಸೇರಿದವರ ಪದವಿಗಳು ರದ್ದಾದವು. ಆ ಪದವಿಯಿಂದ ಪಡೆದ ಬಡ್ತಿಗಳಿಗೂ ಕುತ್ತು ಬಂತು. ವರ್ಷಗಟ್ಟಲೆ ಸೇವೆ ಮಾಡಿದವರ ಪಾಡನ್ನು ಊಹಿಸಿಕೊಳ್ಳಿ.

ಆನ್‌ಲೈನ್ ಕೋರ್ಸುಗಳ ವಿಷಯ ಇನ್ನೊಂದು ಬಗೆಯದು. ಭಾರತೀಯ ವಿಜ್ಞಾನ ಸಂಸ್ಥೆ 2022ರಲ್ಲಿ ಆನ್‌ಲೈನ್ ಎಂ.ಟೆಕ್. ಆರಂಭಿಸಿತು. ಅದು ಉದ್ಯೋಗದಾತರು ಪ್ರಾಯೋಜಿಸಿ ಕಳುಹಿಸಿದವರಿಗೆ. ಕಾನ್ಪುರದ ಐ.ಐ.ಟಿ.ಯ ಇ-ಮಾಸ್ಟರ್ಸ್‌ಗೆ ಗೇಟ್ ಬೇಕಿಲ್ಲ. ಆದರೆ ಅದರ ಹೆಸರು ಎಂ.ಟೆಕ್. ಅಲ್ಲ. ಬಡ್ತಿಗೆ ಅದನ್ನು ಪರಿಗಣಿಸುವರೇ ಎಂದು ನಿಮ್ಮ ಇಲಾಖೆಯಿಂದ ಲಿಖಿತವಾಗಿ ಕೇಳಿಕೊಳ್ಳಿ. ಎಂಜಿನಿಯರಿಂಗ್ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಬಿ.ಇ. ಜೊತೆಗೆ ಎಂ.ಟೆಕ್. ಬೇಕು, ಎರಡರಲ್ಲೊಂದು ಪ್ರಥಮ ದರ್ಜೆಯಲ್ಲಿರಬೇಕು.

ಅರೆಕಾಲಿಕ ವಿದ್ಯಾರ್ಥಿಗೆ ಒಂದು ವಿಶೇಷ ಅನುಕೂಲವಿದೆ, ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಪ್ರಬಂಧದ ವಿಷಯ ಅವನ ಕಾಲ ಬುಡದಲ್ಲೇ ಇರುತ್ತದೆ. 1907ರಲ್ಲಿ ಪೂರ್ಣಗೊಂಡ ವಾಣಿ ವಿಲಾಸ ಸಾಗರ 1933ರ ಬಳಿಕ 2022ರಲ್ಲಿ ಮತ್ತೆ ಕೋಡಿ ಬಿತ್ತು. ಅಷ್ಟು ಹಳೆಯ ಕೋಡಿಯ ಹರಿವಿನ ಲೆಕ್ಕಾಚಾರ ಹಿರಿಯೂರಿನ ಎಂಜಿನಿಯರ್‌ಗೆ ಒಳ್ಳೆಯ ಪ್ರಬಂಧವಾಗಬಲ್ಲದು. ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳ ಬೇರಿಂಗ್ ಕಂಪನ, ಜಿಲ್ಲೆಯ ಕೊಳವೆಬಾವಿ ನೀರಿನ ಫ್ಲೋರೈಡ್ ಇವೂ ಹಾಗೆಯೇ. ಪೂರ್ಣಾವಧಿ ವಿದ್ಯಾರ್ಥಿ ಇಂಥ ಅಂಕಿಅಂಶಕ್ಕಾಗಿ ಪತ್ರ ಬರೆದು ಕಾಯಬೇಕು. ನಿಮಗೆ ಮೇಲಧಿಕಾರಿಯ ಅನುಮತಿ ಸಾಕು. ಅದನ್ನು ಸೇರುವ ಮುನ್ನವೇ, ನಿರಾಕ್ಷೇಪಣಾ ಪತ್ರದ ಜೊತೆಯಲ್ಲೇ ಪಡೆದಿಟ್ಟುಕೊಳ್ಳಿ.